ತಾಯಿಯ ಬಿ.ಪಿ. ಮಾತ್ರೆ, ಮಗುವಿನ ಮೂತ್ರಪಿಂಡ

ಬ್ರೆಜಿಲ್ ದೇಶದಲ್ಲಿ ಜರರಾಕ ಎಂಬ ಹಾವಿದೆ. ಪಶ್ಚಿಮ ಘಟ್ಟಗಳಲ್ಲಿ ಕಾಣುವ ಗುಳಿಮಂಡಲಗಳಿಗೆ ಅದು ದೂರದ ಬಳಗ. ಅದರ ವಿಷ ಮೈಗೇರಿದವರ ರಕ್ತದೊತ್ತಡ ಕುಸಿದುಬೀಳುತ್ತದೆ. ವಿಷದಲ್ಲಿರುವ ಯಾವ ಅಂಶ ಇದಕ್ಕೆ ಕಾರಣವೆಂದು ಹುಡುಕಹೊರಟವರಲ್ಲಿ ಸರ್ಜಿಯೊ ಫೆರೇರಾ ಎಂಬ ಆ ದೇಶದ ತರುಣ ವಿಜ್ಞಾನಿಯೂ ಒಬ್ಬರು. 1965ರಲ್ಲಿ ಅವರು ಅಂಥದೊಂದು ಅಂಶದ ಇರವನ್ನು ತೋರಿಸಿಕೊಟ್ಟರು. ಮುಂದೆ ವಿಷದ ಸಾರವನ್ನು ಲಂಡನ್ನಿನಲ್ಲಿದ್ದ ಜಾನ್ ವೇನ್ ಅವರ ಪ್ರಯೋಗಾಲಯಕ್ಕೆ ಒಯ್ದರು. ಅಲ್ಲಿಂದ ಸಿಕ್ಕ ಸುಳಿವನ್ನು ಹಿಡಿದು ಅಮೆರಿಕದ ಸ್ಕ್ವಿಬ್ ಕಂಪನಿಯ ಡೇವಿಡ್ ಕುಶ್‌ಮನ್ ಮತ್ತು ಮಿಗೆಲ್ ಒಂಡೆಟ್ಟಿ ಒಂದು ಮಾತ್ರೆಯನ್ನು ರೂಪಿಸಿದರು. ಅದರ ಹೆಸರು ಕ್ಯಾಪ್ಟೊಪ್ರಿಲ್. 1981ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ಅನುಮತಿ ನೀಡಿತು.

ಹಾವಿನ ವಿಷದಿಂದ ಹುಟ್ಟಿದ ಈ ಔಷಧದ ಕುಟುಂಬ ಬೇಗನೆ ಬೆಳೆಯಿತು. ಎನಾಲಾಪ್ರಿಲ್, ಲಿಸಿನೊಪ್ರಿಲ್, ರಾಮಿಪ್ರಿಲ್ ಒಂದಾದ ಮೇಲೊಂದು ಬಂದವು. 1995ರಲ್ಲಿ ಲೊಸಾರ್ಟನ್ ಬಂತು. ಅದರ ಹಿಂದೆಯೇ ಟೆಲ್ಮಿಸಾರ್ಟನ್, ಓಲ್ಮೆಸಾರ್ಟನ್ ಮುಂತಾದ ಸೋದರ ಸಂಬಂಧಿಗಳು ಬಂದವು. ರಕ್ತದೊತ್ತಡ, ಹೃದಯದ ದೌರ್ಬಲ್ಯ, ಸಕ್ಕರೆ ಕಾಯಿಲೆಯಿಂದ ಹಾಳಾಗುವ ಮೂತ್ರಪಿಂಡ ಇವುಗಳಿಗೆಲ್ಲ ಇವು ಇಂದು ಮುಂಚೂಣಿಯ ಮದ್ದುಗಳು. ಬಿ.ಪಿ. ಮಾತ್ರೆ ನುಂಗುವವರಿರುವ ಮನೆಗಳಲ್ಲಿ ಔಷಧದ ಡಬ್ಬಿಯನ್ನು ತೆರೆದರೆ ಇವುಗಳಲ್ಲಿ ಒಂದಾದರೂ ಸಿಗುವ ಸಂಭವ ಹೆಚ್ಚು.

ದೊಡ್ಡವರ ಮೂತ್ರಪಿಂಡವನ್ನು ಕಾಪಾಡುವ ಇದೇ ಮಾತ್ರೆ, ಗರ್ಭದೊಳಗಿನ ಶಿಶುವಿನ ಮೂತ್ರಪಿಂಡವನ್ನು ನಿಲ್ಲಿಸಿಬಿಡಬಲ್ಲದು. ತಾಯಿಗೆ ಹಿತವಾದದ್ದು ಮಗುವಿಗೆ ಏಕೆ ವಿಷವಾಗುತ್ತದೆ? ಹಾಗಾದರೆ ಬಿ.ಪಿ. ಇರುವ ಗರ್ಭಿಣಿ ಮಾತ್ರೆಯನ್ನೇ ಬಿಟ್ಟುಬಿಡಬೇಕೆ? ಮೊದಲ ಪ್ರಶ್ನೆಗೆ ಶರೀರಶಾಸ್ತ್ರದಲ್ಲಿ ಉತ್ತರವಿದೆ. ಎರಡನೆಯದಕ್ಕೆ ಉತ್ತರ ಖಂಡಿತವಾಗಿ ‘ಇಲ್ಲ’ ಎಂದು.

ಸೋಸುವ ಜರಡಿ

ಪಿಯುಸಿಯಲ್ಲಿ ಜೀವಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ ರೆನಿನ್, ಆಂಜಿಯೊಟೆನ್ಸಿನ್ ಎಂಬ ಹೆಸರುಗಳು ಹೊಸವಲ್ಲ. ರೆನಿನ್ ಎಂಬುದು ಮೂತ್ರಪಿಂಡದಲ್ಲಿ ತಯಾರಾಗುವ ವಸ್ತು. 1898ರಲ್ಲಿ ಸ್ವೀಡನ್ನಿನಲ್ಲಿ ರಾಬರ್ಟ್ ಟಿಗರ್‌ಸ್ಟೆಟ್ ಮತ್ತು ಪೆರ್ ಬರ್ಗ್‌ಮನ್ ಅದನ್ನು ಮೊಲದ ಮೂತ್ರಪಿಂಡದಲ್ಲಿ ಗುರುತಿಸಿದರು. ರಕ್ತದೊತ್ತಡ ಇಳಿದಾಗ ರೆನಿನ್ ಹೊರಬರುತ್ತದೆ. ಅದರಿಂದ ಆರಂಭವಾಗುವ ಸರಪಳಿಯ ಕೊನೆಯಲ್ಲಿ ಆಂಜಿಯೊಟೆನ್ಸಿನ್-2 ಎಂಬ ರಾಸಾಯನಿಕ ಸಿದ್ಧವಾಗುತ್ತದೆ. ಇದು ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಒತ್ತಡ ಏರುತ್ತದೆ.

ಆಂಜಿಯೊಟೆನ್ಸಿನ್-2 ಅನ್ನು ಬೀಗದ ಕೈ ಎಂದುಕೊಳ್ಳಿ. ಹೆಸರಿನ ಕೊನೆಯಲ್ಲಿ ‘ಪ್ರಿಲ್’ ಎಂದಿರುವ ಔಷಧಗಳು ಆ ಕೈ ತಯಾರಾಗುವುದನ್ನೇ ತಡೆಯುತ್ತವೆ. ‘ಸಾರ್ಟನ್’ ಎಂದು ಕೊನೆಗೊಳ್ಳುವ ಔಷಧಗಳು ಕೈ ಬಂದರೂ ಬೀಗದೊಳಗೆ ಹೋಗದಂತೆ ಅಡ್ಡಗಟ್ಟುತ್ತವೆ. ಎರಡರಿಂದಲೂ ಆಗುವುದು ಒಂದೇ: ರಕ್ತನಾಳ ಸಡಿಲವಾಗಿ ಒತ್ತಡ ಇಳಿಯುತ್ತದೆ.

ಈಗ ಗರ್ಭದೊಳಗಿನ ಸ್ಥಿತಿಯನ್ನು ನೋಡೋಣ. ಮೂತ್ರಪಿಂಡದಲ್ಲಿ ರಕ್ತವನ್ನು ಸೋಸಲು ಲಕ್ಷಾಂತರ ಪುಟ್ಟ ಜರಡಿಗಳಿವೆ. ಒಂದೊಂದು ಜರಡಿಗೂ ರಕ್ತ ತರುವ ನಾಳ ಒಂದು, ಕೊಂಡೊಯ್ಯುವ ನಾಳ ಇನ್ನೊಂದು. ಸೋಸುವ ಕೆಲಸ ನಡೆಯಬೇಕಾದರೆ ಜರಡಿಯಲ್ಲಿ ಸಾಕಷ್ಟು ಒತ್ತಡ ಇರಬೇಕು. ದೊಡ್ಡವರಲ್ಲಿ ರಕ್ತದೊತ್ತಡವೇ ಜೋರಾಗಿರುವುದರಿಂದ ತೊಂದರೆಯಿಲ್ಲ. ಭ್ರೂಣದ ರಕ್ತದೊತ್ತಡವೋ ಬಹಳ ಕಡಿಮೆ. ಅದಕ್ಕೇ ಪ್ರಕೃತಿ ಒಂದು ಉಪಾಯ ಮಾಡಿದೆ. ಹೊರಹೋಗುವ ನಾಳವನ್ನು ಆಂಜಿಯೊಟೆನ್ಸಿನ್-2 ಬಿಗಿಹಿಡಿಯುತ್ತದೆ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಯನ್ನು ಬೆರಳಿನಿಂದ ಅರ್ಧ ಮುಚ್ಚಿದರೆ ಹಿಂದಿನ ಒತ್ತಡ ಹೆಚ್ಚುವಂತೆ, ಜರಡಿಯಲ್ಲಿ ಒತ್ತಡ ಕೂಡಿಕೊಂಡು ರಕ್ತ ಸೋಸಲ್ಪಡುತ್ತದೆ, ಮೂತ್ರ ತಯಾರಾಗುತ್ತದೆ.

ತಾಯಿ ನುಂಗಿದ ‘ಪ್ರಿಲ್’ ಅಥವಾ ‘ಸಾರ್ಟನ್’ ಮಾಸನ್ನು ದಾಟಿ, ಹೊಕ್ಕುಳಬಳ್ಳಿಯ ಮೂಲಕ ಶಿಶುವನ್ನು ಸೇರುತ್ತದೆ. ಪೈಪಿನ ಬಾಯಿಯ ಮೇಲಿದ್ದ ಬೆರಳನ್ನು ತೆಗೆದುಬಿಡುತ್ತದೆ. ಸೋಸುವ ಕೆಲಸ ನಿಂತುಹೋಗುತ್ತದೆ. ಶಿಶುವಿನ ಮೂತ್ರ ನಿಲ್ಲುತ್ತದೆ.

ಹೊಟ್ಟೆಯೊಳಗಿನ ಮಗು ಮೂತ್ರ ಮಾಡದಿದ್ದರೆ ಏನಾಯಿತು ಎಂದು ಕೇಳಬಹುದು. ಆಗುವ ಅನಾಹುತವೆಲ್ಲ ಅಲ್ಲಿಂದಲೇ. ಗರ್ಭದ ಅರ್ಧ ಅವಧಿ ಕಳೆದ ಮೇಲೆ ಮಗುವಿನ ಸುತ್ತ ಇರುವ ನೀರು ಬಹುಪಾಲು ಮಗುವಿನ ಮೂತ್ರವೇ. ದಿನ ತುಂಬುವ ಹೊತ್ತಿಗೆ ಅದು ದಿನಕ್ಕೆ ಅರ್ಧ ಲೀಟರಿಗೂ ಹೆಚ್ಚು ಮೂತ್ರ ವಿಸರ್ಜಿಸುತ್ತದೆ. ಅದೇ ನೀರನ್ನು ಮತ್ತೆ ನುಂಗುತ್ತದೆ. ಈ ನೀರಿನ ಹಾಸಿಗೆಯಲ್ಲೇ ಮಗುವಿನ ಕೈಕಾಲು ಆಡಬೇಕು, ಎದೆ ಹಿಗ್ಗಬೇಕು, ಶ್ವಾಸಕೋಶ ಬೆಳೆಯಬೇಕು. ನೀರು ಬತ್ತಿದರೆ ಗರ್ಭಕೋಶದ ಗೋಡೆಗಳು ಮಗುವನ್ನು ಅಮುಕುತ್ತವೆ. ಕೀಲುಗಳು ಮಡಿಸಿದಂತೆ ಬಿಗಿಯುತ್ತವೆ, ಶ್ವಾಸಕೋಶ ಪುಟ್ಟದಾಗಿಯೇ ಉಳಿಯುತ್ತದೆ, ತಲೆಬುರುಡೆಯ ಮೇಲ್ಭಾಗದ ಎಲುಬು ಸರಿಯಾಗಿ ಬಲಿಯುವುದಿಲ್ಲ.

ಇಂಥ ಮಗು ಹುಟ್ಟಿದ ಮೇಲೂ ಕಷ್ಟ ಮುಗಿಯುವುದಿಲ್ಲ. ಅದರ ರಕ್ತದೊತ್ತಡ ತೀರ ಕೆಳಗಿರುತ್ತದೆ, ಮೂತ್ರ ಬರುವುದಿಲ್ಲ. ಈ ಔಷಧಗಳಲ್ಲಿ ಹಲವು ಮೈಯಿಂದ ಹೊರಹೋಗಬೇಕಾದದ್ದು ಮೂತ್ರದ ಮೂಲಕವೇ. ಔಷಧ ಇರುವತನಕ ಮೂತ್ರವಿಲ್ಲ, ಮೂತ್ರ ಬರುವತನಕ ಔಷಧ ಹೋಗುವುದಿಲ್ಲ. ಕೆಲವು ಶಿಶುಗಳಿಗೆ ಡಯಾಲಿಸಿಸ್ ಮಾಡಬೇಕಾಗಿ ಬಂದದ್ದುಂಟು. ಎಲ್ಲವೂ ಉಳಿದಿಲ್ಲ.

ಮೊಲಗಳು ಮೊದಲೇ ಹೇಳಿದ್ದವು

ಈ ಅಪಾಯ ಮುಂಚೆಯೇ ಗೊತ್ತಾಗಲಿಲ್ಲವೆ? ಸುಳಿವು ಸಿಕ್ಕಿತ್ತು. 1980ರಲ್ಲಿ, ಎಂದರೆ ಕ್ಯಾಪ್ಟೊಪ್ರಿಲ್‌ಗೆ ಅಮೆರಿಕದಲ್ಲಿ ಅನುಮತಿ ಸಿಗುವ ಮೊದಲೇ, ಇಂಗ್ಲೆಂಡಿನ ಫಿಯೋನಾ ಬ್ರೌಟನ್ ಪಿಪ್ಕಿನ್ ಮತ್ತು ಸಂಗಡಿಗರು ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಎಚ್ಚರಿಕೆಯೊಂದನ್ನು ಪ್ರಕಟಿಸಿದರು. ಗಬ್ಬದ ಮೊಲಗಳಿಗೆ ಮತ್ತು ಕುರಿಗಳಿಗೆ ಈ ಔಷಧ ಕೊಟ್ಟಾಗ ಹೊಟ್ಟೆಯಲ್ಲೇ ಸಾಯುವ ಮರಿಗಳು ಆತಂಕ ಹುಟ್ಟಿಸುವಷ್ಟು ಹೆಚ್ಚಾಗಿದ್ದವು. ಅದಾದ ಸ್ವಲ್ಪ ಕಾಲದಲ್ಲೇ ಮೂತ್ರ ಬಾರದ ನವಜಾತ ಶಿಶುಗಳ ವರದಿಗಳು ಒಂದೊಂದಾಗಿ ವೈದ್ಯಪತ್ರಿಕೆಗಳಲ್ಲಿ ಕಾಣಿಸಿಕೊಳ್ಳತೊಡಗಿದವು. ಆದರೂ ಗರ್ಭದ ನಾಲ್ಕನೆಯ ತಿಂಗಳಿನಿಂದ ಮುಂದಕ್ಕೆ ಇವನ್ನು ಬಳಸಬಾರದೆಂದು ಅಮೆರಿಕದ ಸಂಸ್ಥೆ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ಮುದ್ರಿಸಲು ಹೇಳಿದ್ದು 1992ರಲ್ಲಿ. ನಡುವೆ ಹನ್ನೆರಡು ವರ್ಷ ಉರುಳಿದ್ದವು.

ಇದರಲ್ಲಿ ಯಾರದೋ ದುರುದ್ದೇಶವನ್ನು ಹುಡುಕಬೇಕಾಗಿಲ್ಲ. ಹೊಸ ಔಷಧವನ್ನು ಜನರ ಮೇಲೆ ಪರೀಕ್ಷಿಸುವಾಗ ಗರ್ಭಿಣಿಯರನ್ನು ಸಾಮಾನ್ಯವಾಗಿ ಹೊರಗಿಡುತ್ತಾರೆ. ಅದು ನ್ಯಾಯವೂ ಹೌದು. ಆದರೆ ಅದರಿಂದಾಗಿ ಔಷಧ ಅಂಗಡಿಗೆ ಬರುವ ದಿನ ಗರ್ಭದ ಮಟ್ಟಿಗೆ ವೈದ್ಯರ ಕೈಯಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗದ ಮಾಹಿತಿ ಬಿಟ್ಟರೆ ಬೇರೇನೂ ಹೆಚ್ಚಿಗೆ ಇರುವುದಿಲ್ಲ. ಉಳಿದ ತಿಳಿವಳಿಕೆ ಬರುವುದು ತಿಳಿಯದೆ ಮಾತ್ರೆ ನುಂಗಿದ ತಾಯಂದಿರಿಂದ, ಅವರ ಮಕ್ಕಳಿಂದ. ಆ ತಾಯಂದಿರು ತೆತ್ತ ಬೆಲೆಯಿಂದ ಬಂದ ತಿಳಿವಳಿಕೆಯನ್ನು ಬಳಸಿಕೊಳ್ಳದೆ ಹೋದರೆ ಅದಕ್ಕಿಂತ ದೊಡ್ಡ ನಷ್ಟ ಬೇರೆ ಇಲ್ಲ.

ಮೊದಲ ಮೂರು ತಿಂಗಳ ಲೆಕ್ಕ

ನಾಲ್ಕನೆಯ ತಿಂಗಳ ನಂತರದ ಅಪಾಯದ ಬಗ್ಗೆ ಅನುಮಾನವಿಲ್ಲ. ಮೊದಲ ಮೂರು ತಿಂಗಳ ಮಾತೇನು? ಬಸಿರಾಗಿರುವುದು ಗೊತ್ತಾಗುವ ಮೊದಲೇ ಹಲವು ವಾರ ಮಾತ್ರೆ ನುಂಗಿದವರು ಏನು ಮಾಡಬೇಕು? ಇಲ್ಲಿನ ಕಥೆ ವಿಜ್ಞಾನದ ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕಾದದ್ದು.

2006ರಲ್ಲಿ ಅಮೆರಿಕದ ಟೆನೆಸಿ ರಾಜ್ಯದಿಂದ ಒಂದು ಅಧ್ಯಯನ ಬಂತು. 29,507 ಶಿಶುಗಳ ದಾಖಲೆಗಳನ್ನು ಪರಿಶೀಲಿಸಲಾಗಿತ್ತು. ಅವುಗಳಲ್ಲಿ 209 ಶಿಶುಗಳ ತಾಯಂದಿರು ಮೊದಲ ಮೂರು ತಿಂಗಳಲ್ಲಿ ಮಾತ್ರ ‘ಪ್ರಿಲ್’ ಗುಂಪಿನ ಮಾತ್ರೆ ತೆಗೆದುಕೊಂಡಿದ್ದರು. ಆ ಗುಂಪಿನಲ್ಲಿ ದೊಡ್ಡ ಅಂಗದೋಷಗಳು ನೂರಕ್ಕೆ 7.1, ಬಿ.ಪಿ. ಮಾತ್ರೆಯನ್ನೇ ತೆಗೆದುಕೊಳ್ಳದ ತಾಯಂದಿರ ಮಕ್ಕಳಲ್ಲಿ ನೂರಕ್ಕೆ 2.6. ವೈದ್ಯಲೋಕ ಬೆಚ್ಚಿತು. ಮೊದಲ ತಿಂಗಳುಗಳೂ ಸುರಕ್ಷಿತವಲ್ಲ ಎಂಬ ತೀರ್ಮಾನಕ್ಕೆ ಹಲವರು ಬಂದರು.

ಆದರೆ ಇಲ್ಲೊಂದು ತೊಡಕಿತ್ತು. ಬಿ.ಪಿ. ಮಾತ್ರೆ ನುಂಗುವ ತಾಯಂದಿರು ಉಳಿದವರಿಗಿಂತ ಬೇರೆ. ಅವರ ವಯಸ್ಸು ಹೆಚ್ಚು, ಹಲವರಿಗೆ ಮೈತೂಕ ಹೆಚ್ಚು, ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯೊಂದೇ ಮಗುವಿನ ಹೃದಯದಲ್ಲಿ ದೋಷ ಉಂಟುಮಾಡಬಲ್ಲದು. ಹಾಗಿರುವಾಗ ತಪ್ಪು ಮಾತ್ರೆಯದೋ ಕಾಯಿಲೆಯದೋ?

2017ರಲ್ಲಿ ಬ್ರಯಾನ್ ಬೇಟ್‌ಮನ್ ಮತ್ತು ಸಂಗಡಿಗರು ಅಮೆರಿಕದಲ್ಲೇ ಹದಿಮೂರು ಲಕ್ಷಕ್ಕೂ ಹೆಚ್ಚು ಗರ್ಭಗಳ ದಾಖಲೆಗಳನ್ನು ಹಿಡಿದು ಇದೇ ಪ್ರಶ್ನೆ ಕೇಳಿದರು. ಮೇಲುನೋಟಕ್ಕೆ ಅವರಿಗೂ ಹಳೆಯ ಉತ್ತರವೇ ಸಿಕ್ಕಿತು: ಮಾತ್ರೆ ತೆಗೆದುಕೊಂಡವರ ಮಕ್ಕಳಲ್ಲಿ ನೂರಕ್ಕೆ 5.9, ಇಲ್ಲದವರಲ್ಲಿ 3.3. ಆಮೇಲೆ ಬಿ.ಪಿ. ಇರುವ ತಾಯಂದಿರನ್ನು ಬಿ.ಪಿ. ಇರುವವರ ಜೊತೆಯಲ್ಲೇ ಹೋಲಿಸಿ, ಸಕ್ಕರೆ ಕಾಯಿಲೆ ಮುಂತಾದ ವ್ಯತ್ಯಾಸಗಳನ್ನು ಸರಿತೂಗಿಸಿ ನೋಡಿದಾಗ ಆ ಅಂತರ ಮಾಯವಾಯಿತು. ಮಾತ್ರೆಯ ಮೇಲೆ ಬಂದ ಆಪಾದನೆಯ ಬಹುಭಾಗ ಕಾಯಿಲೆಯದಾಗಿತ್ತು. ಸಮಾನರನ್ನು ಸಮಾನರೊಂದಿಗೆ ಹೋಲಿಸದೆ ತೀರ್ಪು ಕೊಡಬಾರದೆಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಉದಾಹರಣೆ ವಿರಳ.

ಹೀಗಾಗಿ ತಿಳಿಯದೆ ಮೊದಲ ವಾರಗಳಲ್ಲಿ ಮಾತ್ರೆ ನುಂಗಿದ ತಾಯಿ ಗಾಬರಿಪಡಬೇಕಾಗಿಲ್ಲ. ಗರ್ಭ ತೆಗೆಸುವ ಯೋಚನೆಯಂತೂ ಬೇಡವೇ ಬೇಡ. ಆಕೆ ಮಾಡಬೇಕಾದದ್ದು ಒಂದೇ: ಒಂದೆರಡು ದಿನದೊಳಗೆ ವೈದ್ಯರನ್ನು ಕಂಡು ಮಾತ್ರೆ ಬದಲಿಸಿಕೊಳ್ಳುವುದು. ಐದಾರು ತಿಂಗಳ ನಂತರ ಗೊತ್ತಾದರೂ ಕೈಚೆಲ್ಲಿ ಕೂರಬಾರದು. ಸ್ಕ್ಯಾನ್ ಮಾಡಿ ಮಗುವಿನ ಸುತ್ತಲಿನ ನೀರನ್ನು ನೋಡುತ್ತಾರೆ. ಔಷಧ ನಿಲ್ಲಿಸಿದ ಮೇಲೆ ಬತ್ತಿದ್ದ ನೀರು ಮತ್ತೆ ತುಂಬಿಕೊಂಡ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಉಳಿದ ಮಾತ್ರೆಗಳು

ಬಿ.ಪಿ. ಮಾತ್ರೆಗಳೆಲ್ಲ ಒಂದೇ ಅಲ್ಲ. ಹೃದಯ ಬಡಿತವನ್ನು ನಿಧಾನಗೊಳಿಸಿ ಒತ್ತಡ ಇಳಿಸುವ ಗುಂಪೊಂದಿದೆ. ಬೀಟಾ ಬ್ಲಾಕರ್ ಎಂದು ಅದಕ್ಕೆ ಹೆಸರು. ಅಟೆನೊಲಾಲ್ ಇದೇ ಗುಂಪಿನದು. 1990ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟವಾಯಿತು. ಅದರಲ್ಲಿದ್ದವರು 33 ಗರ್ಭಿಣಿಯರು ಮಾತ್ರ. ಬಸಿರಿನ ಮೊದಲರ್ಧದಿಂದಲೇ ಕೆಲವರಿಗೆ ಅಟೆನೊಲಾಲ್, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ ಕೊಡಲಾಗಿತ್ತು. ಹುಸಿಮಾತ್ರೆ ಪಡೆದವರ ಮಕ್ಕಳ ಸರಾಸರಿ ತೂಕ 3,530 ಗ್ರಾಂ. ಅಟೆನೊಲಾಲ್ ಪಡೆದವರ ಮಕ್ಕಳದು 2,620 ಗ್ರಾಂ. ಹೆಚ್ಚುಕಡಿಮೆ ಒಂದು ಕಿಲೋ ಅಂತರ! ಅಂದಿನಿಂದ ಗರ್ಭಿಣಿಯರ ಚೀಟಿಯಲ್ಲಿ, ಅದರಲ್ಲೂ ಮೊದಲ ತಿಂಗಳುಗಳಲ್ಲಿ, ಅಟೆನೊಲಾಲ್ ಬರೆಯಲು ವೈದ್ಯರು ಹಿಂಜರಿಯುತ್ತಾರೆ.

ಇದೇ ಬಳಗಕ್ಕೆ ಹತ್ತಿರವಾದ ಲ್ಯಾಬೆಟಲಾಲ್ ಮಾತ್ರ ಗರ್ಭಿಣಿಯರಿಗೆ ಒಪ್ಪಿತವಾದ ಔಷಧ. ಒಪ್ಪಿತವೆಂದರೆ ಗಮನ ಬೇಡವೆಂದಲ್ಲ. 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ ಹೆರಿಗೆಯ ಸಮಯಕ್ಕೆ ಬೀಟಾ ಬ್ಲಾಕರ್ ತೆಗೆದುಕೊಳ್ಳುತ್ತಿದ್ದ ತಾಯಂದಿರ ಶಿಶುಗಳಲ್ಲಿ ನೂರಕ್ಕೆ 4.3ರಷ್ಟಕ್ಕೆ ರಕ್ತದ ಸಕ್ಕರೆ ಇಳಿದಿತ್ತು. ಉಳಿದ ಶಿಶುಗಳಲ್ಲಿ ಇದು 1.2. ಎದೆಬಡಿತ ನಿಧಾನವಾಗಿದ್ದ ಶಿಶುಗಳು ನೂರಕ್ಕೆ 1.6, ಉಳಿದವರಲ್ಲಿ 0.5. ಇವೆರಡೂ ಮೊದಲ ಒಂದೆರಡು ದಿನಗಳಲ್ಲೇ ಗುರುತಿಸಿ ಸರಿಪಡಿಸಬಹುದಾದ ತೊಂದರೆಗಳು. ಹುಟ್ಟಿದ ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆಯುವುದನ್ನು ಕಂಡು ಅಜ್ಜಿಯಂದಿರು ಸಂಕಟಪಡುತ್ತಾರೆ. ಆ ಹನಿಯಿಂದಲೇ ಇಳಿದ ಸಕ್ಕರೆ ಪತ್ತೆಯಾಗುವುದು. ಆದರೆ ತಾಯಿ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಳು ಎಂಬುದು ಮಕ್ಕಳ ವೈದ್ಯರಿಗೆ ಗೊತ್ತಿದ್ದರೆ ತಾನೆ ಅವರು ಅದನ್ನು ಹುಡುಕುವುದು?

ನಿಲ್ಲಿಸಿದರೆ ಸಾಕೆ?

ಇಷ್ಟನ್ನು ಓದಿದವರಿಗೆ ಒಂದು ವಿಚಾರ ಬರುವುದು ಸಹಜ. ಇಷ್ಟೆಲ್ಲ ರಗಳೆ ಏಕೆ, ಒಂಬತ್ತು ತಿಂಗಳು ಮಾತ್ರೆಯನ್ನೇ ಬಿಟ್ಟರಾಯಿತಲ್ಲ? ಎಷ್ಟೋ ಮನೆಗಳಲ್ಲಿ ಈ ಮಾತು ನಡೆಯುತ್ತದೆ.

“ಬಸುರೀಲಿ ಆ ಮಾತ್ರೆ ಈ ಮಾತ್ರೆ ಅಂತ ನುಂಗಬೇಡ ಕಣಮ್ಮ, ಮಗೂಗೆ ಆಗಿಬರಲ್ಲ” ಎನ್ನುತ್ತಾರೆ ಅತ್ತೆ.

“ಬಿ.ಪಿ. ಇದೆಯಲ್ಲ ಅತ್ತೆ, ಬಿಟ್ಟರೆ ಏನಾಗುತ್ತೋ” ಎಂದು ಸೊಸೆ ಅನುಮಾನಿಸುತ್ತಾಳೆ.

“ಉಪ್ಪು ಕಮ್ಮಿ ಮಾಡು, ಸರಿಹೋಗುತ್ತೆ. ನಮಗೆಲ್ಲ ಯಾವ ಮಾತ್ರೆ ಇತ್ತು?”

ಅತ್ತೆಯದು ಕಾಳಜಿಯ ಮಾತು. ಅದರಲ್ಲಿ ಅರ್ಧ ಸತ್ಯವೂ ಇದೆ. ಆದರೆ ಉಳಿದರ್ಧ ಪ್ರಾಣಕ್ಕೆ ಎರವಾಗಬಹುದು. ಗರ್ಭಿಣಿಯಲ್ಲಿ ರಕ್ತದೊತ್ತಡ 140/90 ದಾಟಿದರೆ ಅದು ಹೆಚ್ಚೆಂದು ಲೆಕ್ಕ. 160/110 ಮುಟ್ಟಿದರೆ ತುರ್ತು ಸ್ಥಿತಿ. ಮೆದುಳಿನಲ್ಲಿ ರಕ್ತಸ್ರಾವವಾಗಬಹುದು. ಮಾಸು ಹೆರಿಗೆಗೆ ಮುಂಚೆಯೇ ಗರ್ಭಕೋಶದಿಂದ ಕಳಚಿಕೊಳ್ಳಬಹುದು. ಐದು ತಿಂಗಳ ನಂತರ ಒತ್ತಡದ ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡರೆ ಅದನ್ನು ಪ್ರಿ-ಎಕ್ಲಾಂಪ್ಸಿಯಾ ಎನ್ನುತ್ತಾರೆ. ಗರ್ಭನಂಜು ಎಂದು ಕರೆಯುವುದೂ ಉಂಟು. ಅದು ಮುಂದುವರಿದರೆ ಫಿಟ್ಸ್ ಬರುತ್ತದೆ. ಜಗತ್ತಿನಾದ್ಯಂತ ಬಸಿರು-ಬಾಣಂತನದಲ್ಲಿ ಸಂಭವಿಸುವ ತಾಯಂದಿರ ಸಾವುಗಳಲ್ಲಿ ಸುಮಾರು ಏಳರಲ್ಲಿ ಒಂದಕ್ಕೆ ರಕ್ತದೊತ್ತಡದ ತೊಂದರೆಗಳೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಹೇಳಿತು.

ಮಾತ್ರೆ ಬಿಟ್ಟರೆ ಮಗುವಿಗಾದರೂ ಒಳ್ಳೆಯದೇ? ಅದೂ ಇಲ್ಲ. ಹಿಂದೆ ಸಾಧಾರಣ ಏರಿಕೆಯಿದ್ದರೆ ಔಷಧ ಕೊಡದಿರುವುದೇ ಲೇಸು, ಒತ್ತಡ ಇಳಿಸಿದರೆ ಮಗುವಿಗೆ ರಕ್ತ ಸಾಲದೆ ಬೆಳವಣಿಗೆ ಕುಂಠಿತವಾದೀತು ಎಂದು ಅನೇಕ ವೈದ್ಯರು ಅಂಜುತ್ತಿದ್ದರು. 2022ರಲ್ಲಿ ಅಮೆರಿಕದ 2,408 ಗರ್ಭಿಣಿಯರ ಮೇಲಿನ ಅಧ್ಯಯನವೊಂದು ಈ ಅಂಜಿಕೆಯನ್ನು ಪರೀಕ್ಷೆಗೆ ಒಡ್ಡಿತು. ಒತ್ತಡವನ್ನು 140/90ಕ್ಕಿಂತ ಕೆಳಗಿಟ್ಟ ಗುಂಪಿನಲ್ಲಿ ತೀವ್ರ ಗರ್ಭನಂಜು, ಅನಿವಾರ್ಯವಾಗಿ ಮಾಡಿಸಿದ ಅವಧಿಪೂರ್ವ ಹೆರಿಗೆ, ಮಾಸು ಕಳಚುವುದು, ಶಿಶುವಿನ ಸಾವು ಇವುಗಳಲ್ಲಿ ಒಂದಾದರೂ ಸಂಭವಿಸಿದ್ದು ನೂರಕ್ಕೆ 30.2. ತೀವ್ರವಾದಾಗ ಮಾತ್ರ ಔಷಧ ಕೊಟ್ಟ ಗುಂಪಿನಲ್ಲಿ 37. ಹುಟ್ಟಿದ ಮಕ್ಕಳ ಬೆಳವಣಿಗೆಯಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಸರಿಯಾದ ಔಷಧ ತಾಯಿ-ಮಗು ಇಬ್ಬರನ್ನೂ ಕಾಯುತ್ತದೆ.

ಸರಿಯಾದ ಔಷಧ ಯಾವುದು? ಮೂರು ಹೆಸರುಗಳು ಮುಖ್ಯ: ಮೀಥೈಲ್‌ಡೋಪಾ, ಲ್ಯಾಬೆಟಲಾಲ್, ನಿಫೆಡಿಪಿನ್. ಮೀಥೈಲ್‌ಡೋಪಾ ಹಳೆಯದು, ಸೋವಿಯಾದದ್ದು. ಅದನ್ನು ತೆಗೆದುಕೊಂಡ ತಾಯಂದಿರ ಮಕ್ಕಳನ್ನು ಇಂಗ್ಲೆಂಡಿನಲ್ಲಿ ಏಳೂವರೆ ವರ್ಷದವರೆಗೂ ಗಮನಿಸಿ, ಅವರ ಬೆಳವಣಿಗೆ ಮತ್ತು ಬುದ್ಧಿ ಉಳಿದ ಮಕ್ಕಳಂತೆಯೇ ಇದೆಯೆಂದು 1982ರಲ್ಲಿ ವರದಿ ಮಾಡಿದರು. ತೀವ್ರ ಒತ್ತಡವಿದ್ದ 894 ಗರ್ಭಿಣಿಯರಿಗೆ ಈ ಮೂರನ್ನೂ ಬಾಯಿಯ ಮೂಲಕ ಕೊಟ್ಟು ಹೋಲಿಸಿದ ಅಧ್ಯಯನ ನಡೆದದ್ದು ಭಾರತದಲ್ಲೇ, ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ. 2019ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಆರು ಗಂಟೆಗಳೊಳಗೆ ಒತ್ತಡವನ್ನು ಅಪಾಯವಿಲ್ಲದೆ ಹತೋಟಿಗೆ ತರುವಲ್ಲಿ ನಿಫೆಡಿಪಿನ್ ನೂರಕ್ಕೆ 84, ಲ್ಯಾಬೆಟಲಾಲ್ 77, ಮೀಥೈಲ್‌ಡೋಪಾ 76 ಮಂದಿಯಲ್ಲಿ ಯಶಸ್ವಿಯಾದವು. ದುಬಾರಿ ಇಂಜೆಕ್ಷನ್, ದೊಡ್ಡ ಯಂತ್ರ ಇಲ್ಲದ ಊರುಗಳಲ್ಲೂ ಮಾತ್ರೆಯಿಂದಲೇ ಕೆಲಸ ಸಾಧ್ಯ ಎಂಬುದು ಸಣ್ಣ ಮಾತಲ್ಲ.

ಕರ್ನಾಟಕದಲ್ಲೂ ಇಂಥ ಪ್ರಯತ್ನ ನಡೆದಿದೆ. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಮತ್ತು ದಾದಿಯರಿಗೆ ತರಬೇತಿ ಕೊಟ್ಟು, ಮನೆಬಾಗಿಲಿನಲ್ಲೇ ಗರ್ಭಿಣಿಯರ ಬಿ.ಪಿ. ನೋಡಿ, ಅಗತ್ಯವಿದ್ದವರಿಗೆ ಮೀಥೈಲ್‌ಡೋಪಾ ಕೊಟ್ಟು ಆಸ್ಪತ್ರೆಗೆ ಕಳಿಸುವ ಅಧ್ಯಯನವೊಂದರ ವರದಿ 2020ರಲ್ಲಿ ಬಂತು. ಸಾವುನೋವಿನ ಒಟ್ಟು ಲೆಕ್ಕದಲ್ಲಿ ಸ್ಪಷ್ಟ ಇಳಿಕೆ ಕಾಣಲಿಲ್ಲ. ಬಿ.ಪಿ. ನೋಡುವುದು ಮೊದಲ ಮೆಟ್ಟಿಲು ಮಾತ್ರ. ಅದರ ಮುಂದಿನ ಆಸ್ಪತ್ರೆ, ವಾಹನ, ಸಮಯಕ್ಕೆ ಸರಿಯಾದ ಹೆರಿಗೆ ಇವೆಲ್ಲ ಕೂಡಿಬಂದರೆ ಮಾತ್ರ ಜೀವ ಉಳಿಯುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು

ಅನಾಹುತಗಳು ಹೆಚ್ಚಾಗಿ ನಡೆಯುವುದು ಇಬ್ಬರು ವೈದ್ಯರ ನಡುವಿನ ತೆರಪಿನಲ್ಲಿ. ಮೂವತ್ತು ದಾಟಿದ ಉದ್ಯೋಗಸ್ಥೆಗೆ ಕುಟುಂಬ ವೈದ್ಯರು ಟೆಲ್ಮಿಸಾರ್ಟನ್ ಬರೆದುಕೊಟ್ಟಿರುತ್ತಾರೆ. ಎರಡು ವರ್ಷ ಅದೇ ಹಳೆಯ ಚೀಟಿ ತೋರಿಸಿ ಔಷಧದಂಗಡಿಯಿಂದ ಮಾತ್ರೆ ತರುವುದು ನಡೆದಿರುತ್ತದೆ. ಬಸಿರಾದ ಮೇಲೆ ಆಕೆ ಹೋಗುವುದು ಹೆರಿಗೆ ವೈದ್ಯರ ಬಳಿಗೆ. “ಬೇರೆ ಏನಾದರೂ ಮಾತ್ರೆ ತಗೊಳ್ತೀರಾ?” ಎಂದು ಅವರು ಕೇಳಿದಾಗ, ದಿನವೂ ನುಂಗುವ ಮಾತ್ರೆಯನ್ನು ‘ಬೇರೆ’ ಎಂದು ಭಾವಿಸದೆ “ಇಲ್ಲ” ಎಂದುಬಿಡುತ್ತಾಳೆ. ಅಥವಾ ಗಂಡನ ಮನೆಯವರ ಮುಂದೆ ಮದುವೆಗೆ ಮುಂಚಿನ ಕಾಯಿಲೆಯ ಮಾತೆತ್ತಲು ಸಂಕೋಚಪಡುತ್ತಾಳೆ. ಆ ಒಂದು ಸಂಕೋಚಕ್ಕೆ ಮಗು ದಂಡ ತೆರಬೇಕಾದೀತು.

ಆದ್ದರಿಂದ ಕೆಲವು ಸರಳ ಸಂಗತಿಗಳನ್ನು ನೆನಪಿಡುವುದು ಒಳ್ಳೆಯದು. ಮಾತ್ರೆಯ ಹಾಳೆಯ ಮೇಲೆ ಕಂಪನಿ ಇಟ್ಟ ಹೆಸರಿನ ಜೊತೆಗೆ ಮೂಲ ಔಷಧದ ಹೆಸರೂ ಅಚ್ಚಾಗಿರುತ್ತದೆ. ಅದರ ಕೊನೆಯಲ್ಲಿ ‘ಪ್ರಿಲ್’ ಅಥವಾ ‘ಸಾರ್ಟನ್’ ಇದೆಯೇ ನೋಡಬೇಕು. ಹಲವು ಮಾತ್ರೆಗಳಲ್ಲಿ ಎರಡು ಮೂರು ಔಷಧಗಳು ಕೂಡಿರುತ್ತವೆ. ಎಲ್ಲ ಹೆಸರನ್ನೂ ಓದಬೇಕು. ಇಂಥ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಗಳು ಮಗು ಬೇಕೆಂದು ಯೋಚಿಸಿದಾಗಲೇ ವೈದ್ಯರಿಗೆ ಹೇಳಿ ಬದಲಾಯಿಸಿಕೊಳ್ಳುವುದು ಉತ್ತಮ. ಮುಟ್ಟು ತಪ್ಪಿದರೆ ತಡಮಾಡದೆ ಪರೀಕ್ಷಿಸಿಕೊಳ್ಳಬೇಕು. ಹೆರಿಗೆ ವೈದ್ಯರ ಬಳಿಗೆ ಹೋಗುವಾಗ ಮಾತ್ರೆಗಳ ಹಾಳೆಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋದರೆ ಮರೆವಿಗೂ ಸಂಕೋಚಕ್ಕೂ ಎಡೆಯಿರುವುದಿಲ್ಲ. ತಾಯಿ ಕಾರ್ಡಿನಲ್ಲಿ ಬಿ.ಪಿ.ಯ ಜೊತೆಗೆ ಮಾತ್ರೆಯ ಹೆಸರನ್ನೂ ಬರೆಸಿಕೊಳ್ಳಬೇಕು. ಹೆರಿಗೆಯ ನಂತರ ಮಕ್ಕಳ ವೈದ್ಯರಿಗೆ ಅದನ್ನು ತೋರಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳು 9ನೇ ತಾರೀಖಿನಂದು ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಸುವ ಕಾರ್ಯಕ್ರಮ 2016ರಿಂದ ಜಾರಿಯಲ್ಲಿದೆ. ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಗೆಯ ಕೆಳಗೆ ನೋವು, ಮುಖ-ಕೈ ಊದಿಕೊಳ್ಳುವುದು ಕಂಡರೆ ಮಾತ್ರ 9ನೇ ತಾರೀಖಿಗೆ ಕಾಯಬಾರದು, ಅಂದೇ ಹೊರಡಬೇಕು.

ಹೆರಿಗೆಯಾದ ಮೇಲೆ ಮತ್ತೊಂದು ಬದಲಾವಣೆ ಆಗಬಹುದು. ಗರ್ಭದಲ್ಲಿ ಕೂಡದೆಂದ ಎನಾಲಾಪ್ರಿಲ್ ಅನ್ನು ಹಾಲೂಡಿಸುವ ಬಾಣಂತಿಗೆ ವೈದ್ಯರು ಬರೆದುಕೊಡುವುದುಂಟು. ಎದೆಹಾಲಿನಲ್ಲಿ ಅದು ಇಳಿಯುವುದು ಅತ್ಯಲ್ಪ. ಜೊತೆಗೆ ಮಗು ಈಗ ನೀರಿನ ಹಾಸಿಗೆಯಿಂದ ಹೊರಬಂದಿದೆ. ಅಟೆನೊಲಾಲ್ ಹಾಲಿನಲ್ಲಿ ಹೆಚ್ಚು ಸೇರುತ್ತದೆಯಾದ್ದರಿಂದ ಅದನ್ನು ತಪ್ಪಿಸುತ್ತಾರೆ. ಗರ್ಭದಲ್ಲಿ ಒಳ್ಳೆಯದೆನಿಸಿಕೊಂಡ ಮೀಥೈಲ್‌ಡೋಪಾವನ್ನು ಹೆರಿಗೆಯ ನಂತರ ಬದಲಿಸುವ ರೂಢಿಯಿದೆ. ಅದು ಬಾಣಂತಿಯ ಮನಸ್ಸನ್ನು ಮಂಕಾಗಿಸಬಹುದೆಂಬುದೇ ಕಾರಣ. ಔಷಧವೊಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂದು ಒಂದೇ ಮಾತಿನಲ್ಲಿ ಹೇಳಿಬಿಡಲು ಬಾರದು. ಯಾರಿಗೆ, ಯಾವಾಗ ಎಂಬ ಎರಡು ಪ್ರಶ್ನೆಗಳು ಅದರ ಹಿಂದೆಯೇ ಬರುತ್ತವೆ.

ಇವೆರಡಕ್ಕೂ ಉತ್ತರ ಹೇಳಬೇಕಾದವರು ವೈದ್ಯರು. ಆದರೆ ಅವರಿಗೆ ಕೇಳಲು ನೆನಪಾಗುವಂತೆ ಮಾಡಬೇಕಾದವರು ಮನೆಯವರು. ಅಕ್ಕನೋ ಅತ್ತಿಗೆಯೋ ಬಸಿರಾಗಿರುವ ಮನೆಯಲ್ಲಿ ವಿಜ್ಞಾನ ಓದುವ ಹುಡುಗ ಅಥವಾ ಹುಡುಗಿ ಇದ್ದರೆ, ಔಷಧದ ಡಬ್ಬಿ ತೆರೆದು ಆ ಸಣ್ಣ ಅಕ್ಷರಗಳನ್ನು ಓದಿಹೇಳುವ ಕೆಲಸವನ್ನು ವಹಿಸಿಕೊಳ್ಳಬಹುದು. ‘ಪ್ರಿಲ್’, ‘ಸಾರ್ಟನ್’ ಕಂಡರೆ ಮಾತ್ರೆಯನ್ನು ಕಸಕ್ಕೆ ಎಸೆಯುವುದಲ್ಲ. ಹಾಳೆಯನ್ನು ಕೈಯಲ್ಲಿ ಹಿಡಿದು ಆ ದಿನವೇ ಆಸ್ಪತ್ರೆಗೆ ಹೋಗುವುದು. ಮಾತ್ರೆ ಬಿಡುವುದಕ್ಕಲ್ಲ, ಬದಲಿಸುವುದಕ್ಕೆ.